ಬೆಳ್ಳಿಯ ಬೆನ್ನಿನ ಅಕ್ಷರ

ಚಿನ್ನದ ವಿಷಯದಲ್ಲಿ ಸಂಸಾರಸ್ಥರು ತೋರುವ ಎಚ್ಚರಿಕೆಯ ಕಾಲುಪಾಲನ್ನೂ ಬೆಳ್ಳಿಯ ವಿಷಯದಲ್ಲಿ ತೋರುವುದಿಲ್ಲ. ಚಿನ್ನವೆಂದರೆ ಒರೆಗಲ್ಲು, ತಕ್ಕಡಿ, ಗುಲಗಂಜಿ. ಅಕ್ಕಸಾಲಿಗನ ಕೈಯ ಮೇಲೆ ಒಂದು ಕಣ್ಣು, ಅವನ ಕುಲುಮೆಯ ಮೇಲೆ ಇನ್ನೊಂದು ಕಣ್ಣು. ಬೆಳ್ಳಿಯಾದರೋ, "ಎಷ್ಟು ತೂಗುತ್ತದೆ?" ಎಂಬ ಒಂದೇ ಪ್ರಶ್ನೆಯಲ್ಲಿ ವಿಚಾರಣೆ ಮುಗಿಯಿತು. ಅಜ್ಜಿಯ ಕಾಲಿನ ಕಡಗ ಮೊಮ್ಮಗಳ ಗೆಜ್ಜೆಯಾಗುತ್ತದೆ, ಗೆಜ್ಜೆ ಸವೆದು ಕುಂಕುಮದ ಭರಣಿಯಾಗುತ್ತದೆ, ಭರಣಿ ಸೊಟ್ಟಗಾದರೆ ಮತ್ತೆ ಮೂಸೆಗೆ ಬೀಳುತ್ತದೆ. ಹೀಗೆ ಜನ್ಮಾಂತರಗಳನ್ನು ಪಡೆಯುತ್ತ ಬಂದ ಬೆಳ್ಳಿಗೆ ತನ್ನ ಹಿಂದಿನ ಜನ್ಮದ ನೆನಪು ಇರುವುದು ಹೇಗೆ?

ಆದರೆ ಬೆನ್ನ ಮೇಲೆ ತನ್ನ ಜಾತಕವನ್ನೇ ಹೊತ್ತು ತಿರುಗುವ ಬೆಳ್ಳಿಯೂ ಉಂಟು. ಅದು ಹುಟ್ಟಿದ ಊರು, ಹುಟ್ಟಿದ ವರ್ಷ, ಅದರ ಶುದ್ಧಿ, ಅದಕ್ಕೆ ಹೊಣೆಗಾರನಾದ ಮನುಷ್ಯನ ಹೆಸರಿನ ಮೊದಲಕ್ಷರ, ಇವೆಲ್ಲವೂ ಒಂದು ಅಕ್ಕಿಕಾಳಿನಷ್ಟು ಜಾಗದಲ್ಲಿ ಅಚ್ಚಾಗಿರುತ್ತವೆ. ಐರೋಪ್ಯ ದೇಶಗಳ ಹಳೆಯ ಬೆಳ್ಳಿಯ ಒಡವೆಗಳೇ ಅವು. ಅಂಥವನ್ನು ನೋಡಬೇಕಾದರೆ ಹಡಗು ಹತ್ತಬೇಕಾಗಿಲ್ಲ. ಬಂಗಾರಪೇಟೆಯಲ್ಲಿ ರೈಲು ಹತ್ತಿ ಮಾರಿಕುಪ್ಪಂ ಕಡೆಗೆ ಹೋದರೆ ಸಾಕು.

ಬಂಗಾರಪೇಟೆಯ ಹಳೆಯ ಹೆಸರು ಬೌರಿಂಗ್‌ಪೇಟೆ. ೧೮೬೨ರಿಂದ ೧೮೭೦ರವರೆಗೆ ಮೈಸೂರಿನ ಕಮಿಷನರಾಗಿದ್ದ ಲೂಯಿನ್ ಬೌರಿಂಗನ ಹೆಸರು ಅದು. ಅಲ್ಲಿಂದ ಹೊರಡುವ ಕವಲುದಾರಿಯ ನಿಲ್ದಾಣಗಳ ಹೆಸರುಗಳನ್ನು ಓದಿದರೆ ಸಾಕು: ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ. ಒಂದು ಹೆಸರು ದೇಶದ್ದು, ಒಂದು ಪರದೇಶದ್ದು. ೧೮೮೦ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯವರು ಕೋಲಾರದ ಗಣಿಗಳಿಗೆ ಕೈಹಾಕಿದ ಮೇಲೆ ಆ ಬೋಳುಗುಡ್ಡಗಳ ನಡುವೆ ಒಂದು ಪುಟ್ಟ ಇಂಗ್ಲೆಂಡು ಎದ್ದು ನಿಂತಿತು. ಬಂಗಲೆಗಳು, ಇಗರ್ಜಿಗಳು, ಕ್ಲಬ್ಬು, ಗಾಲ್ಫ್ ಮೈದಾನ. ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುದ್ದೀಪವೂ ಬಂತು. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ತಾಮ್ರದ ಮತ್ತು ತವರದ ಗಣಿಗಳು ಕುಸಿದು, ಅಲ್ಲಿನ ಗಣಿಗಾರರು ಹೊಟ್ಟೆಪಾಡಿಗಾಗಿ ಭೂಮಂಡಲದ ಎಲ್ಲ ಮೂಲೆಗಳಿಗೂ ಹೋದ ಕಾಲ ಅದು. ಅವರಲ್ಲಿ ಒಂದು ಪಾಲು ಇಲ್ಲಿಗೂ ಬಂತು. ಇಟಲಿಯವರೂ ಬಂದರು, ಆಂಗ್ಲೋ ಇಂಡಿಯನ್ನರು ನೆಲೆಸಿದರು. ಆರ್ಕಾಟು, ಸೇಲಂ, ಚಿತ್ತೂರುಗಳಿಂದ ಸಾವಿರಾರು ಕೂಲಿಗಾರರು ಬಂದು, ನೆಲದೊಳಗೆ ಮೂರು ಸಾವಿರ ಮೀಟರಿಗೂ ಮಿಗಿಲಾದ ಆಳದವರೆಗೆ ಇಳಿದರು.

ಹೀಗೆ ಬಂದ ದೊರೆಸಾನಿಯರ ಮೈಮೇಲೆ ಚಿನ್ನವೇ ಇರುತ್ತಿತ್ತೆಂದು ತಿಳಿಯಬಾರದು. ಹಗಲಿನ ಉಡುಪಿಗೆ ಬೆಳ್ಳಿಯ ಬ್ರೋಚು, ಟೋಪಿಗೆ ಬೆಳ್ಳಿಯ ಪಿನ್ನು, ಹೊಲಿಗೆಯ ಪೆಟ್ಟಿಗೆಯಲ್ಲಿ ಬೆಳ್ಳಿಯ ಅಂಗುಸ್ತಾನ. ಬಡ ಗಣಿಗಾರನ ಹೆಂಡತಿಗೂ ಇವು ಎಟುಕುತ್ತಿದ್ದವು. ೧೮೮೦ರಿಂದೀಚೆಗೆ ಬರ್ಮಿಂಗ್‌ಹ್ಯಾಂ ನಗರದ ಕಾರ್ಖಾನೆಗಳು ಇಂಥ ಅಗ್ಗದ ಬ್ರೋಚುಗಳನ್ನು ರಾಶಿರಾಶಿಯಾಗಿ ಅಚ್ಚೊತ್ತಿ ಹೊರಗೆ ತಂದವು. ಅವುಗಳಲ್ಲಿ 'ಮಿಜ್ಪಾ' ಎಂಬ ಹೀಬ್ರೂ ಮಾತನ್ನು ಕೆತ್ತಿದ ಬ್ರೋಚು ಬಹಳ ಪ್ರಸಿದ್ಧ. ಕಾವಲುಗೋಪುರವೆಂದು ಅದರ ಅರ್ಥ. ಅಗಲಿ ದೂರವಿರುವ ಇಬ್ಬರನ್ನೂ ದೇವರು ಕಾಯಲಿ ಎಂಬ ಹಾರೈಕೆಯಿಂದ ಅದನ್ನು ಕೊಡುತ್ತಿದ್ದರು. ಕಡಲಾಚೆಯ ಗಣಿಗೆ ಹೊರಟ ಗಂಡ ಹಿಂದುಳಿದ ಹೆಂಡತಿಗೆ ಕೊಡಲು ಅದಕ್ಕಿಂತ ತಕ್ಕ ಒಡವೆ ಯಾವುದು?

೧೯೪೭ರ ಆಚೀಚೆ ಈ ಸಂಸಾರಗಳು ಒಂದೊಂದಾಗಿ ಊರಿಗೆ ಮರಳಿದವು. ೧೯೫೬ರಲ್ಲಿ ಮೈಸೂರು ಸರ್ಕಾರವು ಗಣಿಗಳನ್ನು ವಹಿಸಿಕೊಂಡಿತು. ಹೋಗುವವರು ಮೇಜು ಕುರ್ಚಿಗಳನ್ನು ಹರಾಜು ಹಾಕಿದರು. ಸಣ್ಣಪುಟ್ಟ ಒಡವೆಗಳನ್ನು ಆಯಾಗಳಿಗೆ, ಬಟ್ಲರುಗಳಿಗೆ, ನೆರೆಹೊರೆಯವರಿಗೆ ಕೊಟ್ಟರು. ಆ ಒಡವೆಗಳು ಕೂಲಿ ಲೈನುಗಳ ತಗಡಿನ ಟ್ರಂಕುಗಳಲ್ಲಿ ಮಲಗಿದವು. ೨೦೦೧ರ ಫೆಬ್ರುವರಿ ೨೮ರಂದು ಗಣಿ ಮುಚ್ಚಿದ ಮೇಲೆ ಟ್ರಂಕುಗಳು ತೆರೆದವು. ರಾಬರ್ಟ್‌ಸನ್‌ಪೇಟೆಯ ಗಿರವಿ ಅಂಗಡಿಯ ತಕ್ಕಡಿಗೆ ಮೂಗುಬೊಟ್ಟು, ಕಾಲುಂಗುರಗಳ ಜತೆಯಲ್ಲಿ ಬರ್ಮಿಂಗ್‌ಹ್ಯಾಮಿನ ಹೂವೂ ಬಂದು ಬಿತ್ತು.

ಈ ಬೆಳ್ಳಿಯ ಜಾತಕವನ್ನು ಓದುವ ಬಗೆ ಹೇಗೆ? ಅದಕ್ಕೆ ಏಳು ಶತಮಾನಗಳ ಇತಿಹಾಸವುಂಟು. ೧೩೦೦ರಲ್ಲಿ ಇಂಗ್ಲೆಂಡಿನ ಒಂದನೆಯ ಎಡ್ವರ್ಡ್ ದೊರೆ, ಪರೀಕ್ಷೆಗೆ ನಿಂತು ಗೆದ್ದ ಬೆಳ್ಳಿಗೆ ಚಿರತೆಯ ತಲೆಯ ಮುದ್ರೆ ಬೀಳತಕ್ಕದ್ದೆಂದು ಶಾಸನ ಮಾಡಿದನು. ಸಾವಿರ ಪಾಲಿನಲ್ಲಿ ೯೨೫ ಪಾಲು ಶುದ್ಧ ಬೆಳ್ಳಿ, ಮಿಕ್ಕದ್ದು ತಾಮ್ರ. ಇದಕ್ಕೆ ಸ್ಟರ್ಲಿಂಗ್ ಎಂದು ಹೆಸರು. ೧೩೬೩ರಲ್ಲಿ ತಯಾರಕನೂ ತನ್ನ ಗುರುತನ್ನು ಒತ್ತಬೇಕೆಂದಾಯಿತು. ೧೪೭೮ರಲ್ಲಿ ವರ್ಷಕ್ಕೊಂದು ಅಕ್ಷರ ಬಂದಿತು. ೧೫೪೪ರಲ್ಲಿ ನಡೆಯುವ ಸಿಂಹ ಸೇರಿತು. ಲಂಡನ್ನಿನ ಅಕ್ಕಸಾಲಿಗರ ಸಂಘದ ಮಂದಿರಕ್ಕೆ, ಎಂದರೆ 'ಹಾಲ್'ಗೆ, ಒಡವೆಯನ್ನು ಒಯ್ದು ಒತ್ತಿಸಿಕೊಂಡು ಬರುತ್ತಿದ್ದುದರಿಂದ ಆ ಗುರುತಿಗೆ 'ಹಾಲ್‌ಮಾರ್ಕ್' ಎಂಬ ಹೆಸರು ನಿಂತಿತು. ಇಂದು ಪ್ರತಿಯೊಬ್ಬ ಗೃಹಿಣಿಯ ಬಾಯಲ್ಲೂ ಇರುವ ಮಾತಿನ ಮೂಲ ಇದು.

ಊರಿಗೊಂದು ಲಾಂಛನ. ಲಂಡನ್ನಿಗೆ ಚಿರತೆಯ ತಲೆ. ೧೮೨೧ರವರೆಗೆ ಅದಕ್ಕೆ ಕಿರೀಟವಿತ್ತು, ಆಮೇಲೆ ಇಲ್ಲ. ಷೆಫೀಲ್ಡಿಗೆ ಕಿರೀಟ. ಚೆಸ್ಟರಿಗೆ ಒಂದು ಕತ್ತಿ ಮತ್ತು ಮೂರು ಗೋದಿಯ ಕಟ್ಟುಗಳು. ಎಡಿನ್‌ಬರೋಗೆ ಕೋಟೆ. ಕಾರ್ನ್‌ವಾಲಿಗೆ ಸಮೀಪದ ಎಕ್ಸೆಟರಿಗೂ ಮೂರು ಗೋಪುರಗಳ ಕೋಟೆ. ಆ ಪರೀಕ್ಷಾಲಯ ೧೮೮೩ರಲ್ಲಿ ಮುಚ್ಚಿತು. ಬರ್ಮಿಂಗ್‌ಹ್ಯಾಂ ಸಮುದ್ರದಿಂದ ಬಹುದೂರವಿದ್ದರೂ ಅದರ ಲಾಂಛನ ಹಡಗಿನ ಲಂಗರು! ಹೀಗೇಕೆಂದರೆ, 'ಕಿರೀಟ ಮತ್ತು ಲಂಗರು' ಎಂಬ ಹೆಸರಿನ ಲಂಡನ್ನಿನ ಹೋಟೆಲಿನಲ್ಲಿ ಕುಳಿತು ಎರಡು ಊರಿನವರು ಈ ಲಾಂಛನಗಳನ್ನು ಹಂಚಿಕೊಂಡರೆಂದು ಒಂದು ಕತೆಯಿದೆ. ಕತೆ ಹೇಗಾದರೂ ಇರಲಿ, ೧೭೭೩ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಪರೀಕ್ಷಾಲಯ ದೊರೆಯಲು ಮುಖ್ಯವಾಗಿ ಹೋರಾಡಿದವನು ಮ್ಯಾಥ್ಯೂ ಬೋಲ್ಟನ್. ಇವನೇ ಜೇಮ್ಸ್ ವಾಟನ ಪಾಲುದಾರ. ಇವರಿಬ್ಬರ ಉಗಿಯಂತ್ರಗಳೇ ಕಾರ್ನ್‌ವಾಲಿನ ಗಣಿಗಳ ನೀರನ್ನು ಎತ್ತಿಹಾಕಿದವು. ಗಣಿಗೂ ಬೆಳ್ಳಿಯ ಮುದ್ರೆಗೂ ಇರುವ ನಂಟು ಹೊಸದಲ್ಲ.

ಇನ್ನು ರಾಜನ ಅಥವಾ ರಾಣಿಯ ತಲೆ. ೧೭೮೪ರಿಂದ ೧೮೯೦ರವರೆಗೆ ಬೆಳ್ಳಿಯ ಮೇಲೆ ಸುಂಕವಿತ್ತು. ಸುಂಕ ಸಂದಿದೆಯೆಂಬುದಕ್ಕೆ ಈ ತಲೆಯೇ ರಸೀತಿ. ಆದ್ದರಿಂದ ವಿಕ್ಟೋರಿಯಾ ರಾಣಿಯ ಪುಟ್ಟ ತಲೆ ಕಂಡರೆ ಒಡವೆ ೧೮೯೦ಕ್ಕೆ ಹಿಂದಿನದೆಂದು ತಿಳಿಯಬಹುದು. ತಲೆ ಇಲ್ಲದಿದ್ದರೆ ಸಾಮಾನ್ಯವಾಗಿ ಅನಂತರದ್ದು. ಆದರೂ ಹಗುರವಾದ ಕೆಲವು ಒಡವೆಗಳಿಗೆ ಕಾನೂನಿನಲ್ಲೇ ವಿನಾಯಿತಿ ಇದ್ದುದರಿಂದ, ಬೇರೆ ಸಾಕ್ಷಿಗಳನ್ನೂ ಕೇಳುವುದು ಕ್ಷೇಮ.

ತಯಾರಕನ ಗುರುತೇ ಎಲ್ಲಕ್ಕಿಂತ ಸ್ವಾರಸ್ಯವಾದುದು, ಎಲ್ಲಕ್ಕಿಂತ ಮೋಸಗೊಳಿಸುವುದೂ ಅದೇ. ಎರಡೋ ಮೂರೋ ಅಕ್ಷರ, ಅದರ ಸುತ್ತ ಒಂದು ಚೌಕಟ್ಟು. ಹೆಸರಿನ ಮೊದಲಕ್ಷರಗಳು ಒಂದೇ ಆಗಿರುವ ಹತ್ತಾರು ಮಂದಿ ಇರುತ್ತಾರಲ್ಲವೆ? ಆದ್ದರಿಂದ ಚೌಕಟ್ಟಿನ ಆಕಾರ, ಅಕ್ಷರಗಳ ನಡುವಣ ಚುಕ್ಕಿ, ಪರೀಕ್ಷಾಲಯದ ಊರು, ಇವೆಲ್ಲವೂ ತಾಳೆಯಾಗಬೇಕು. 'ಸಿ. ಎಚ್.' ಎಂಬ ಅಕ್ಷರಗಳೊಡನೆ ಚೆಸ್ಟರಿನ ಲಾಂಛನವೂ ಇದ್ದು, ಒಡವೆ ಟೋಪಿಯ ಪಿನ್ನೋ ಎನಾಮೆಲಿನ ಪದಕವೋ ಆಗಿದ್ದರೆ, ಅದು ಹ್ಯಾಲಿಫ್ಯಾಕ್ಸ್ ಊರಿನ ಚಾರ್ಲ್ಸ್ ಹಾರ್ನರ್ ಕಂಪನಿಯದೆಂದು ಊಹಿಸಲು ಆಧಾರವುಂಟು. ಅಕ್ಷರಗಳೊಂದನ್ನೇ ನಂಬಿದರೆ ಆಧಾರವಿಲ್ಲ. ಇನ್ನೊಂದು ಮಾತು: ಗುರುತು ಯಾರದೋ ಅವರೇ ಸುತ್ತಿಗೆ ಹಿಡಿದು ಬಡಿದರೆಂದು ಅರ್ಥವಲ್ಲ. ಲಂಡನ್ನಿನ ಲಿಬರ್ಟಿ ಅಂಗಡಿಯ ಗುರುತಿರುವ ಎಷ್ಟೋ ಬೆಳ್ಳಿಯ ಸಾಮಾನುಗಳನ್ನು ಬರ್ಮಿಂಗ್‌ಹ್ಯಾಮಿನ ಹೇಸ್ಲರ್ ಕಾರ್ಖಾನೆಯವರು ಮಾಡಿಕೊಟ್ಟರು. ಗುರುತು ಹೇಳುವುದು ಹೊಣೆ ಯಾರದು ಎಂಬುದನ್ನು, ಬೆವರು ಯಾರದು ಎಂಬುದನ್ನಲ್ಲ.

ಇಂಗ್ಲಿಷ್ ಕಾಲುವೆಯನ್ನು ದಾಟಿದರೆ ಬೇರೆಯೇ ಲಿಪಿ. ಫ್ರಾನ್ಸಿನಲ್ಲಿ ತಯಾರಕನ ಗುರುತು ಓರೆಯಾಗಿ ನಿಂತ ಚೌಕದೊಳಗಿರುತ್ತದೆ. ೧೮೩೮ರಿಂದ ದೊಡ್ಡ ಸಾಮಾನಿಗೆ ಮಿನರ್ವಾ ದೇವಿಯ ತಲೆ, ಸಣ್ಣ ಒಡವೆಗೆ ಪ್ಯಾರಿಸಿನಲ್ಲಾದರೆ ಕಾಡುಹಂದಿಯ ತಲೆ, ಹೊರ ಊರುಗಳಲ್ಲಾದರೆ ಏಡಿ. ಜರ್ಮನಿಯಲ್ಲಿ ೧೮೮೮ರಿಂದ ಅರ್ಧಚಂದ್ರ ಮತ್ತು ಕಿರೀಟ, ಪಕ್ಕದಲ್ಲಿ ೮೦೦ ಅಥವಾ ೮೩೫ ಎಂಬ ಅಂಕೆ. ಡೆನ್ಮಾರ್ಕಿಗೆ ಮೂರು ಗೋಪುರಗಳು. ಹಳೆಯ ರಷ್ಯಾದ ಬೆಳ್ಳಿಯಲ್ಲಿ ೮೪ ಎಂದಿದ್ದರೆ ನೂರಕ್ಕೆ ೮೪ ಎಂದು ತಿಳಿಯಬಾರದು. ಅವರ ಲೆಕ್ಕ ೯೬ಕ್ಕೆ. ಎಂದರೆ ಸಾವಿರಕ್ಕೆ ೮೭೫.

ವೇಷಧಾರಿಗಳೂ ಇದ್ದಾರೆ. ೧೮೪೦ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಕಂಪನಿಯವರು ವಿದ್ಯುತ್ತಿನಿಂದ ಬೆಳ್ಳಿಯ ಲೇಪ ಕೊಡುವ ವಿಧಾನಕ್ಕೆ ಪೇಟೆಂಟು ಪಡೆದರು. ಅಂದಿನಿಂದ 'ಇ. ಪಿ. ಎನ್. ಎಸ್.' ಎಂಬ ನಾಲ್ಕು ಅಕ್ಷರಗಳನ್ನು ನಾಲ್ಕು ಚೌಕಟ್ಟುಗಳಲ್ಲಿ ಹಾಲ್‌ಮಾರ್ಕಿನಂತೆಯೇ ಸಾಲಾಗಿ ಒತ್ತಿದ ಸಾಮಾನುಗಳು ಹೇರಳವಾಗಿ ಬಂದವು. ಒಳಗಿರುವುದು ತಾಮ್ರ, ಸತು, ನಿಕ್ಕಲ್ಲುಗಳ ಮಿಶ್ರಣ. ಅದಕ್ಕೇ ಜರ್ಮನ್ ಸಿಲ್ವರ್ ಎಂದು ಹೆಸರು. ಹೆಸರಿನಲ್ಲಿ ಬೆಳ್ಳಿ ಉಂಟು, ಮೈಯಲ್ಲಿ ಇಲ್ಲ.

ಇಷ್ಟೆಲ್ಲವನ್ನೂ ಬಲ್ಲ ಒಬ್ಬ ವೃದ್ಧರು ಬಂಗಾರಪೇಟೆಯಲ್ಲಿದ್ದರು. ಅವರು ಒಡವೆ ವ್ಯಾಪಾರಿಯಲ್ಲ, ಅಕ್ಕಸಾಲಿಗರೂ ಅಲ್ಲ. ಗಣಿಯ ಅಸ್ಸೇ ಆಫೀಸಿನಲ್ಲಿ, ಎಂದರೆ ಅದಿರಿನಲ್ಲಿ ಚಿನ್ನವೆಷ್ಟಿದೆಯೆಂದು ಪರೀಕ್ಷಿಸುವ ಕೋಣೆಯಲ್ಲಿ, ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಪುಡಿಮಾಡಿದ ಅದಿರನ್ನು ಸೀಸದೊಡನೆ ಕರಗಿಸುವುದು. ಬಂದ ಗುಂಡನ್ನು ಎಲುಬಿನ ಬೂದಿಯ ಪುಟ್ಟ ಬಟ್ಟಲಿನಲ್ಲಿಟ್ಟು ಕಾಯಿಸುವುದು. ಬಟ್ಟಲು ಸೀಸವನ್ನು ಕುಡಿದುಬಿಟ್ಟ ಮೇಲೆ ಉಳಿಯುವ ಸಾಸಿವೆಯಂಥ ಮಣಿಯನ್ನು ತೂಗುವುದು. ಅದನ್ನು ನೈಟ್ರಿಕ್ ಆಮ್ಲದಲ್ಲಿ ಹಾಕಿ ಬೆಳ್ಳಿಯನ್ನು ಕಳೆದು, ಉಳಿದ ಚಿನ್ನವನ್ನು ಮತ್ತೆ ತೂಗುವುದು. ಕೋಲಾರದ ಚಿನ್ನದೊಡನೆ ಸ್ವಲ್ಪ ಬೆಳ್ಳಿಯೂ ಬರುತ್ತಿತ್ತು. ಎರಡು ತೂಕಗಳ ವ್ಯತ್ಯಾಸವೇ ಅದರ ಲೆಕ್ಕ. ಒಂದೇ ಮಾದರಿಯನ್ನು ಎರಡು ಸಲ ಪರೀಕ್ಷಿಸದೆ ಪುಸ್ತಕಕ್ಕೆ ಬರೆಯಬಾರದೆಂಬುದು ಅವರು ಕಲಿತ ಪಾಠ. ರದ್ದಿಯ ಅಂಗಡಿಯೊಂದರಲ್ಲಿ ಅವರಿಗೆ ಷೆಫೀಲ್ಡಿನ ಫ್ರೆಡರಿಕ್ ಬ್ರಾಡ್‌ಬರಿ ಸಂಗ್ರಹಿಸಿದ ಹಾಲ್‌ಮಾರ್ಕುಗಳ ಸಣ್ಣ ಕೈಪಿಡಿ ಸಿಕ್ಕಿತ್ತು. ಇತರರು ಪಂಚಾಂಗ ನೋಡುವಂತೆ ಅವರು ಅದನ್ನು ನೋಡುತ್ತಿದ್ದರು.

ಗಣಿ ಮುಚ್ಚಿ ಎರಡು ವರ್ಷಗಳಾಗಿದ್ದವು. ಚಾಂಪಿಯನ್ ರೀಫಿನ ಲೈನಿನಲ್ಲಿ ವಾಸವಾಗಿದ್ದು, ನಸುಕಿನ ರೈಲಿನಲ್ಲಿ ಬೆಂಗಳೂರಿನ ಉಡುಪಿನ ಕಾರ್ಖಾನೆಗೆ ಹೋಗಿಬರುತ್ತಿದ್ದ ಹೆಂಗಸೊಬ್ಬಳು ಒಂದು ಭಾನುವಾರ ಅವರ ಮನೆಯ ಜಗಲಿಗೆ ಬಂದಳು. ವೃದ್ಧರ ಸೊಸೆ ಅವಳ ರೈಲಿನ ಗೆಳತಿ. ಸೆರಗಿನ ಗಂಟಿನಿಂದ ಒಂದು ಬ್ರೋಚನ್ನು ಬಿಚ್ಚಿ ಚಾಪೆಯ ಮೇಲಿಟ್ಟಳು. ಎರಡು ಎಲೆಗಳ ನಡುವೆ ಒಂದು ಹೂ. ಕಪ್ಪು ಹಿಡಿದು ಇದ್ದಿಲಿನಂತಾಗಿತ್ತು.

"ಅಯ್ಯಾ, ಇದು ಬೆಳ್ಳಿಯೋ ಅಲ್ಲವೋ ಅಷ್ಟು ಹೇಳಿದರೆ ಸಾಕು. ಸೇಟು ಅಂಗಡಿಯ ಹುಡುಗ ಜರ್ಮನ್ ಸಿಲ್ವರ್ ಎಂದ."

"ಯಾವುದನ್ನು ನೋಡಿ ಹೇಳಿದನಮ್ಮ?"

"ಹಿಂದಿನ ಪಿನ್ನನ್ನು ಉಜ್ಜಿದ. ಹಳದಿ ಬಂತು."

ವೃದ್ಧರು ನಕ್ಕರು. "ಪಿನ್ನು ಬಾಗದೆ ಗಟ್ಟಿಯಾಗಿರಬೇಕೆಂದು ಬೇರೆ ಲೋಹದಲ್ಲಿ ಮಾಡುವುದುಂಟು. ಬಾಗಿಲಿನ ಚಿಲಕ ಕಬ್ಬಿಣವೆಂದು ಬಾಗಿಲನ್ನೂ ಕಬ್ಬಿಣವೆನ್ನಬಹುದೆ?"

ತೂಗಿ ನೋಡಿದರೆ ಆರು ಗ್ರಾಂ. ಅಂದಿನ ಬೆಲೆಯಲ್ಲಿ ಐವತ್ತು ರೂಪಾಯಿಗೆ ಮುಟ್ಟಿದರೆ ಹೆಚ್ಚು. ಅದನ್ನು ಕೇಳಿದಾಗ ಅವಳ ಮುಖದಲ್ಲಿ ನಿರಾಸೆ ಕಾಣಲಿಲ್ಲ. ಒಂದು ಬಗೆಯ ಸಿಟ್ಟು ಕಂಡಿತು. "ಐವತ್ತು ರೂಪಾಯಿಯ ವಸ್ತುವಿಗಾಗಿ ನಮ್ಮಮ್ಮ ಇಷ್ಟು ವರ್ಷ ತಲೆ ತಗ್ಗಿಸಿಕೊಂಡು ಬದುಕಿದಳೆ?" ಎಂದಳು. ಮಾತು ಹೊರಬಂದ ಮೇಲೆ ಮಿಕ್ಕದ್ದನ್ನೂ ಹೇಳಬೇಕಾಯಿತು.

ಅವಳ ಅಜ್ಜಿ ಬಂಗಲೆಯೊಂದರಲ್ಲಿ ಆಯಾ ಆಗಿದ್ದಳು. ಉತ್ತರ ಆರ್ಕಾಟಿನ ತಮಿಳಿನಲ್ಲಿ ಅಜ್ಜಿಯನ್ನೂ ಆಯಾ ಎನ್ನುವುದರಿಂದ, ಬಂಗಲೆಯ ಮಕ್ಕಳಿಗೂ ಮನೆಯ ಮೊಮ್ಮಕ್ಕಳಿಗೂ ಆಕೆ ಆಯಾ ಒಬ್ಬಳೇ. ಆ ಬಂಗಲೆಯಲ್ಲಿ ದೊರೆಸಾನಿಯ ಬೆಳ್ಳಿಯ ಹೂವೊಂದು ಕಾಣೆಯಾಯಿತು. ಪೋಲೀಸರಿಗೆ ಹೇಳಲಿಲ್ಲ, ಆದರೆ ಆಯಾಳನ್ನು ಮಗುವಿನ ಸಮೇತ ಹಿತ್ತಲಿನ ಕೋಣೆಯಿಂದ ಹೊರಡಿಸಿದರು. ನಡತೆಯ ಚೀಟಿಯನ್ನು ಕೊಡಲಿಲ್ಲ. ಚೀಟಿಯಿಲ್ಲದ ಆಯಾಳಿಗೆ ಬೇರೆ ಮನೆಯುಂಟೆ? ಕೆಲವು ವರ್ಷ ಇಡ್ಲಿ ಮಾರಿ ಬದುಕಿದಳು. ಯುದ್ಧದ ಕಾಲದಲ್ಲಿ ಇನ್ನೊಂದು ಬಂಗಲೆಯವರು ಚೀಟಿ ಕೇಳದೆ ಇಟ್ಟುಕೊಂಡರು. ಯುದ್ಧ ಮುಗಿದ ಮೇಲೆ ಅವರೂ ಊರಿಗೆ ಹೊರಟುಹೋದರು. ಆಕೆ ತೀರಿಕೊಂಡ ಮೇಲೆ ಟ್ರಂಕಿನ ತಳದಲ್ಲಿ, ಹಳೆಯ ರವಿಕೆಯೊಂದರೊಳಗೆ, ಈ ಬೆಳ್ಳಿಯ ಹೂ ಸುತ್ತಿಟ್ಟಿತ್ತು. ಲೈನಿನವರು ಬಾಯಿಗೆ ಬಂದಂತೆ ಆಡಿಕೊಂಡರು. ಮಗಳು ಬಾಯಿ ಮುಚ್ಚಿಕೊಂಡಳು. ಅದನ್ನು ತೊಡಲಿಲ್ಲ, ಮಾರಲಿಲ್ಲ, ಎಸೆಯಲಿಲ್ಲ. ಮನೆಯಲ್ಲಿ ಒಲೆ ಉರಿಯದ ದಿನವೂ, "ಕದ್ದ ಒಡವೆಯ ಅನ್ನ ಬೇಡ" ಎಂದಳು. ಈಗ ಮೊಮ್ಮಗಳು ತಾಯಿಗೆ ತಿಳಿಯದಂತೆ ಅದನ್ನು ಕರಗಿಸಿಬಿಡಬೇಕೆಂದು ತಂದಿದ್ದಳು.

"ಇಂದು ಕರಗಿಸಬೇಡ. ಮುಂದಿನ ಭಾನುವಾರ ನಿನ್ನ ತಾಯಿಯನ್ನು ಕರೆದುಕೊಂಡು ಬಾ," ಎಂದರು ವೃದ್ಧರು.

ಆ ವಾರ ಅವರು ಮಾಡಿದ ಕೆಲಸ ಬಹು ಸಾವಧಾನದ್ದು. ಹುಣಸೆಹಣ್ಣು, ವಿಭೂತಿ ಯಾವುದನ್ನೂ ಮುಟ್ಟಲಿಲ್ಲ. ಅವು ಕಪ್ಪಿನೊಡನೆ ಅಕ್ಷರವನ್ನೂ ತಿನ್ನುತ್ತವೆ. ಅಂಟುವಾಳದ ನೀರಿನಲ್ಲಿ ನೆನೆಸಿ, ಸವೆದ ಪಂಚೆಯ ತುಂಡಿನಿಂದ ಒರೆಸಿದರು. ದೀಪದ ಕೆಳಗೆ ಬೆಳ್ಳಿ ಮಿನುಗಿ ಕಣ್ಣು ಕಟ್ಟುತ್ತದೆಂದು, ಬೆಳಗಿನ ಕಿಟಕಿಯ ಓರೆ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡಿದರು. ಹೂವಿನ ಬೆನ್ನಿನಲ್ಲಿ ನಾಲ್ಕು ಗುರುತುಗಳು ಎದ್ದವು. ಲಂಗರು. ನಡೆಯುವ ಸಿಂಹ. ದೊಡ್ಡಕ್ಷರದ 'ಎನ್'. ತಯಾರಕನ ಮೂರು ಅಕ್ಷರಗಳು. ಅವುಗಳಲ್ಲಿ ನಡುವಿನದು ಸವೆದುಹೋಗಿತ್ತು.

ಊರು ಬರ್ಮಿಂಗ್‌ಹ್ಯಾಂ, ಬೆಳ್ಳಿ ಸ್ಟರ್ಲಿಂಗ್, ಇವೆರಡೂ ನಿಸ್ಸಂದೇಹ. ವರ್ಷ ಯಾವುದು? ಬರ್ಮಿಂಗ್‌ಹ್ಯಾಮಿನಲ್ಲಿ ಅಕ್ಷರಮಾಲೆ ಮುಗಿದಂತೆ ಮತ್ತೆ ಮೊದಲಾಗುತ್ತದೆ. ಆದ್ದರಿಂದ ಒಂದೇ ಅಕ್ಷರ ಕಾಲು ಶತಮಾನಕ್ಕೊಮ್ಮೆ ತಿರುಗಿ ಬರುತ್ತದೆ. ೧೮೬೨, ೧೮೮೭, ೧೯೧೨, ೧೯೩೭, ೧೯೬೨, ಈ ಐದೂ 'ಎನ್' ವರ್ಷಗಳೇ. ಅವನ್ನು ಬೇರ್ಪಡಿಸುವುದು ಅಕ್ಷರದ ರೂಪ. ೧೮೮೭ರದು ಹಳೆಯ ಶೈಲಿಯ ಚಿಕ್ಕಕ್ಷರ, ೧೯೧೨ರದೂ ಚಿಕ್ಕಕ್ಷರ. ಇವೆರಡೂ ಹೋದವು. ೧೮೬೨ರದು ದೊಡ್ಡಕ್ಷರವೇ, ಆದರೆ ಅಂದು ಸುಂಕದ ಕಾಲ, ರಾಣಿಯ ತಲೆ ಇಲ್ಲಿಲ್ಲ. ತಲೆಯ ವಿಷಯದಲ್ಲಿ ವಿನಾಯಿತಿ ಇದ್ದಿರಬಹುದೆಂದು ವಾದಿಸಿದರೂ ಬ್ರೋಚಿನ ಕೊಕ್ಕೆ ಒಪ್ಪುವುದಿಲ್ಲ. ಹಳೆಯ ಬ್ರೋಚುಗಳಿಗೆ ಬರಿಯ ಬಾಗಿದ ಕೊಕ್ಕೆ ಇರುತ್ತಿತ್ತು. ಇದಕ್ಕಿದ್ದುದು ತಿರುಗಿಸಿ ಬೀಗ ಹಾಕುವಂಥದು, ಇಪ್ಪತ್ತನೆಯ ಶತಮಾನದ್ದು. ಉಳಿದವು ಎರಡು, ೧೯೩೭ ಮತ್ತು ೧೯೬೨. ತಯಾರಕನ ಗುರುತು ಪೂರ್ತಿಯಾಗಿದ್ದರೆ ಅದೂ ನೆರವಾಗುತ್ತಿತ್ತು. ಗುರುತು ಎಂದು ನೋಂದಣಿಯಾಯಿತೋ ಅದಕ್ಕೆ ಹಿಂದೆ ಒಡವೆ ಹೋಗಲಾರದು. ನಡುವಿನ ಅಕ್ಷರವನ್ನು ಊಹಿಸಿ ತುಂಬಲು ಅವರ ಮನಸ್ಸು ಒಪ್ಪಲಿಲ್ಲ. ಕಾಗದದ ಮೇಲೆ ಎರಡು ಅಕ್ಷರಗಳನ್ನು ಬರೆದು ನಡುವೆ ಒಂದು ಸೊನ್ನೆ ಹಾಕಿದರು.

ಭಾನುವಾರ ತಾಯಿ ಬಂದಳು. ಎಪ್ಪತ್ತು ದಾಟಿದ ಹೆಂಗಸು. ಬ್ರೋಚನ್ನು ಕಂಡೊಡನೆ ಮಗಳ ಕಡೆಗೆ ತಿರುಗಿ ಒಂದು ನೋಟ ನೋಡಿ, ಸುಮ್ಮನೆ ಗೋಡೆಗೊರಗಿ ಕುಳಿತಳು. ವೃದ್ಧರು ತಮಗೆ ತಿಳಿದುದನ್ನು ಹೇಳಲಿಲ್ಲ. ಉತ್ತರವನ್ನು ಮೊದಲೇ ಹೇಳಿ ಪ್ರಶ್ನೆ ಕೇಳಿದರೆ ಸಾಕ್ಷಿ ಕೆಡುತ್ತದೆ.

"ಅಮ್ಮಾ, ಬಂಗಲೆ ಬಿಟ್ಟದ್ದು ಯಾವ ವರ್ಷವೆಂದು ನೆನಪಿದೆಯೆ?"

"ವರ್ಷ ಗಿರ್ಷ ನನಗೆ ಗೊತ್ತಿಲ್ಲ ಸ್ವಾಮಿ. ಜೂಬಿಲಿ ಆಯಿತು. ಮಕ್ಕಳಿಗೆಲ್ಲ ಬಾವುಟ ಕೊಟ್ಟರು, ಮಿಠಾಯಿ ಕೊಟ್ಟರು. ಆ ಬಾವುಟ ಕೈಯಲ್ಲಿ ಹಿಡಿದುಕೊಂಡೇ ನಾನು ಅಮ್ಮನ ಹಿಂದೆ ಬಂಗಲೆಯಿಂದ ಹೊರಗೆ ಬಂದೆ. ಆಗ ನನಗೆ ಐದು ವರ್ಷವಂತೆ."

"ದೊರೆಯ ಜೂಬಿಲಿಯೊ?"

"ದೊರೆ, ರಾಣಿ, ಇಬ್ಬರ ಚಿತ್ರವೂ ಇತ್ತು."

ಐದನೆಯ ಜಾರ್ಜ್ ದೊರೆಯ ಬೆಳ್ಳಿಹಬ್ಬ ನಡೆದದ್ದು ೧೯೩೫ರ ಮೇ ತಿಂಗಳಲ್ಲಿ. ಅದರ ನೆನಪಿಗಾಗಿ ದೊರೆ ರಾಣಿಯರ ಜೋಡಿ ತಲೆಯ ವಿಶೇಷ ಮುದ್ರೆಯನ್ನು ಆ ಒಂದೆರಡು ವರ್ಷಗಳಲ್ಲಿ ಇಷ್ಟಪಟ್ಟವರು ಬೆಳ್ಳಿಗೂ ಒತ್ತಿಸುತ್ತಿದ್ದರು. ಅದು ಈ ಹೂವಿನ ಮೇಲಿಲ್ಲ. ಕಡ್ಡಾಯವಲ್ಲದ ಮುದ್ರೆ ಇಲ್ಲದಿದ್ದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲವೆಂದು ವೃದ್ಧರು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

"ಈ ಹೂವನ್ನು ನೀವು ಮೊದಲು ಕಂಡದ್ದು ಯಾವಾಗ?"

"ನನ್ನ ಮದುವೆಗೆ ಮುಂಚೆ ಒಂದು ಸಲ, ಅಮ್ಮ ಸೀರೆ ಹುಡುಕುವಾಗ. ಕೇಳಿದೆ. ಮುಟ್ಟಬೇಡ ಎಂದಳು. ಆಮೇಲೆ ಕಂಡದ್ದು ಅವಳು ಹೋದ ಮೇಲೆಯೇ."

"ಮದುವೆ?"

"ಸ್ವಾತಂತ್ರ್ಯ ಬಂದ ಮರುವರ್ಷ."

ಅಲ್ಲಿಗೆ ೧೯೬೨ ಹೋಯಿತು. ಉಳಿದದ್ದು ೧೯೩೭ ಒಂದೇ. ಬರ್ಮಿಂಗ್‌ಹ್ಯಾಮಿನ ವರ್ಷ ಜುಲೈಯಲ್ಲಿ ಮೊದಲಾಗುತ್ತಿದ್ದುದರಿಂದ, ೧೯೩೭ರ ಜುಲೈಗೂ ೧೯೩೮ರ ಜೂನಿಗೂ ನಡುವೆ ಆ ಸಿಂಹ ಆ ಲಂಗರಿನ ಪಕ್ಕದಲ್ಲಿ ನಿಂತಿತು. ಆಯಾ ಬಂಗಲೆಯಿಂದ ಹೊರಬಿದ್ದು ಆಗಲೇ ಎರಡು ವರ್ಷಗಳಾಗಿದ್ದವು.

ವೃದ್ಧರು ಅಕ್ಷರವನ್ನು ಭೂತಗ

ನ್ನಡಿಯಲ್ಲಿ ತೋರಿಸಿದರು. ಕೈಪಿಡಿಯ ಪುಟವನ್ನು ತೆರೆದು ಮಗಳ ಕೈಯಲ್ಲಿ ಕೊಟ್ಟು, ಬೆರಳಿಟ್ಟು ಓದಿಸಿದರು. ಆಮೇಲೆ ಹೇಳಿದರು: "ಅಮ್ಮಾ, ಆ ಮನೆಯಲ್ಲಿ ಹೂ ಕಳೆದುಹೋದ ದಿನ ಈ ಹೂ ಇನ್ನೂ ಹುಟ್ಟಿರಲಿಲ್ಲ. ಹುಟ್ಟದ ವಸ್ತುವನ್ನು ಯಾರೂ ಕದಿಯಲಾರರು."

ಮುದುಕಿ ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, "ಹಾಗಾದರೆ ಇದನ್ನು ಕೊಟ್ಟವರು ಯಾರು?" ಎಂದಳು.

"ಅದನ್ನು ಬೆಳ್ಳಿ ಹೇಳುವುದಿಲ್ಲ."

"ಎರಡನೆಯ ಬಂಗಲೆಯ ಮಗುವಿಗೆ ವಿಷಮಶೀತ ಜ್ವರ ಬಂದಿತ್ತು. ಅಮ್ಮ ಎಷ್ಟೋ ರಾತ್ರಿ ಮನೆಗೆ ಬರಲಿಲ್ಲ. ಮಗು ಬದುಕಿತು..." ಎಂದು ಮೊದಲುಮಾಡಿ ಅಲ್ಲಿಗೇ ನಿಲ್ಲಿಸಿದಳು. ವೃದ್ಧರೂ ಆ ಮಾತನ್ನು ಮುಂದುವರಿಸಲಿಲ್ಲ. ಹೌದೆನ್ನಲು ಅವರ ಬಳಿ ಆಧಾರವಿರಲಿಲ್ಲ. ಮೊದಲ ಬಂಗಲೆಯ ಹೂ ಏನಾಯಿತೆಂಬುದಕ್ಕೂ ಆಧಾರವಿರಲಿಲ್ಲ. ಆಯಾಳ ಮೇಲಿದ್ದ ಅಪವಾದಕ್ಕೆ ಜನ ತೋರಿಸುತ್ತಿದ್ದ ಸಾಕ್ಷಿ ಒಂದೇ, ಈ ಬ್ರೋಚು. ಆ ಸಾಕ್ಷಿ ಈಗ ಕಕ್ಷಿ ಬದಲಾಯಿಸಿತ್ತು. ಅಷ್ಟೇ ಸಿದ್ಧವಾದದ್ದು, ಅಷ್ಟು ಸಾಕಾಗಿತ್ತು.

"ಇದನ್ನು ಗೊತ್ತುಮಾಡಬಹುದೆಂದು ಯಾರೂ ಹೇಳಲಿಲ್ಲವಲ್ಲ ಸ್ವಾಮಿ," ಎಂದಳು ಮುದುಕಿ. "ಅವಳು ಇದ್ದಾಗಲೇ ಒಂದು ಸಲ ಕೇಳಿದ್ದರೆ ಹೇಳುತ್ತಿದ್ದಳೋ ಏನೋ. ನಾನು ಕೇಳಲೇ ಇಲ್ಲ. ಕೇಳಲು ಹೆದರಿಕೆ." ಬ್ರೋಚನ್ನು ಸೆರಗಿನಲ್ಲಿ ಕಟ್ಟಿಕೊಳ್ಳದೆ, ಅಂಗೈಯಲ್ಲಿಟ್ಟುಕೊಂಡು ಮಧ್ಯಾಹ್ನದ ರೈಲಿಗೆ ಹೊರಟಳು.

ಎಲ್ಲ ಬೆಳ್ಳಿಯೂ ಇಷ್ಟು ಸ್ಪಷ್ಟವಾಗಿ ಮಾತನಾಡುವುದಿಲ್ಲ. ಬ್ರಿಟಿಷರ ಕಾಲದ ಭಾರತದಲ್ಲಿ ಇಂಥ ಪರೀಕ್ಷಾಲಯಗಳಿರಲಿಲ್ಲ. ಕಲ್ಕತ್ತೆಯ ಹ್ಯಾಮಿಲ್ಟನ್, ಮದರಾಸಿನ ಪಿ. ಓರ್ ಅಂಡ್ ಸನ್ಸ್ ಮೊದಲಾದ ಅಂಗಡಿಗಳು ತಮ್ಮ ಹೆಸರನ್ನೇ ಒತ್ತುತ್ತಿದ್ದವು. ಕಚ್ಛದ ಭುಜ್ ನಗರದ ಪ್ರಸಿದ್ಧ ಕುಶಲಿ ಊಮರ್ಸಿ ಮಾವ್‌ಜಿ 'ಓ. ಎಂ.' ಎಂದು ಒತ್ತುತ್ತಿದ್ದನು. ಅವುಗಳಲ್ಲಿ ಹೆಸರುಂಟು, ವರ್ಷದ ಅಕ್ಷರವಿಲ್ಲ. ಭಾರತದ ಮಾನಕ ಸಂಸ್ಥೆಯ ಹಾಲ್‌ಮಾರ್ಕು ಚಿನ್ನಕ್ಕೆ ೨೦೦೦ದಲ್ಲಿ, ಬೆಳ್ಳಿಗೆ ೨೦೦೫ರಲ್ಲಿ ಬಂದಿತು. ೨೦೨೧ರಿಂದ ಚಿನ್ನದ ಒಡವೆಗೆ ಅಕ್ಷರ ಅಂಕೆಗಳು ಕೂಡಿದ ಆರು ಚಿಹ್ನೆಗಳ ಗುರುತೂ ಬೀಳುತ್ತಿದೆ. ಚೆಸ್ಟರಿನ ಪರೀಕ್ಷಾಲಯ ೧೯೬೨ರಲ್ಲಿ, ಗ್ಲಾಸ್ಗೋದ್ದು ೧೯೬೪ರಲ್ಲಿ ಮುಚ್ಚಿದವು. ಬರ್ಮಿಂಗ್‌ಹ್ಯಾಮಿನದು ೧೭೭೩ರಿಂದ ಇಂದಿನವರೆಗೂ ನಡೆದುಬಂದಿದೆ. ಕೋಲಾರದ ಅಸ್ಸೇ ಕೋಣೆಗಳ ಕುಲುಮೆಗಳು ಆರಿಹೋಗಿವೆ.

ಹಳೆಯ ಟ್ರಂಕುಗಳು ಮಾತ್ರ ಇನ್ನೂ ಉಳಿದಿವೆ, ಊರಿಗಾಮಿನಲ್ಲಿ, ಆಂಡರ್ಸನ್‌ಪೇಟೆಯಲ್ಲಿ, ಬೆಂಗಳೂರಿನ ದಂಡು ಪ್ರದೇಶದ ಮನೆಗಳಲ್ಲಿ. ಅಂಥ ಒಡವೆ ಕೈಗೆ ಬಂದಾಗ ಹುಣಸೆಹಣ್ಣನ್ನು ದೂರವಿಟ್ಟು, ಹಗಲಿನ ಬೆಳಕಿನಲ್ಲಿ ಬೆನ್ನನ್ನು ತಿರುಗಿಸಿ ನೋಡಬೇಕು. ಕಂಡದ್ದನ್ನು ಕಂಡಂತೆ, ಚೌಕಟ್ಟಿನ ಸಮೇತ ಬರೆದುಕೊಳ್ಳಬೇಕು. ಕಾಣದುದಕ್ಕೆ ಸೊನ್ನೆ ಹಾಕಬೇಕು. ಮನೆಯಲ್ಲಿ ಹಿರಿಯರಿದ್ದರೆ, ಅದು ಎಲ್ಲಿಂದ ಬಂದಿತೆಂದು ಹೆದರದೆ ಕೇಳಬೇಕು. ಅಕ್ಷರ ಹೇಳದಿರುವುದನ್ನು ಹೇಳಬಲ್ಲವರು ಅವರೊಬ್ಬರೇ.